ಹಾಯಿಹಡಗು ಮತ್ತು ಗಾಳಿಯ ಪಂಚಾಂಗ

ಕರ್ನಾಟಕದ ಕರಾವಳಿಯ ಉತ್ತರ ಭಾಗವು ಬರಿಯ ಮರಳ ದಂಡೆಯಲ್ಲ. ಕಾರವಾರದ ಬಳಿ ಸಹ್ಯಾದ್ರಿಯ ಚಾಚುಗಳು ಕಡಲಿಗೇ ಇಳಿದಿವೆ. ಅವುಗಳ ನಡುವೆ ಕೊಲ್ಲಿಗಳು, ಎದುರಿಗೆ ಬಂಡೆಗಳ ದ್ವೀಪಗಳು. ಯಂತ್ರವಿಲ್ಲದ ಕಾಲದಲ್ಲಿ ಇಂಥ ತೀರದಗುಂಟ ಹಡಗು ನಡೆಸಲು ಗಾಳಿಯ ಗುಣ ತಿಳಿದಿರಬೇಕಿತ್ತು. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಈ ದಾರಿಯಲ್ಲಿ ಹಿಂದಿರುಗಿದ ಕಥೆ ಇದಕ್ಕೆ ನಿದರ್ಶನ.

ಗಾಮನು ಬಂದ ಬಗೆ ಎಲ್ಲರಿಗೂ ಗೊತ್ತು. ಆಫ್ರಿಕದ ಮಾಲಿಂದಿಯಿಂದ ಏಪ್ರಿಲ್ 24ರಂದು ಹೊರಟು, ಅಲ್ಲಿ ದೊರೆತ ಅನುಭವಿ ನಾವಿಕನೊಬ್ಬನ ನೆರವಿನಿಂದ, ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದನು. 4,000 ಕಿ.ಮೀ.ಗೂ ಮಿಕ್ಕಿದ ದೂರಕ್ಕೆ 26 ದಿನ. ಎಂದರೆ ದಿನಕ್ಕೆ ಸುಮಾರು 160 ಕಿ.ಮೀ.

ಕಲ್ಲಿಕೋಟೆಯ ಅರಸ ಜಾಮೊರಿನ್‌ನೊಂದಿಗೆ ಮನಸ್ತಾಪ ಬೆಳೆದು ಆಗಸ್ಟ್ 29ರಂದು ಗಾಮನು ಅಲ್ಲಿಂದ ಹೊರಟನು. ಸೆಪ್ಟೆಂಬರ್ 15ರ ವೇಳೆಗೆ ಕೆಲವು ಪುಟ್ಟ ದ್ವೀಪಗಳನ್ನು ತಲುಪಿ, ಅಲ್ಲಿ ಸಂತ ಮೇರಿಯ ಹೆಸರಿನಲ್ಲಿ ಕಲ್ಲುಕಂಬ ನೆಡಿಸಿದನು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳೇ ಇವು ಎಂಬುದು ಪ್ರತೀತಿ. ಸುಮಾರು 260 ಕಿ.ಮೀ. ದೂರಕ್ಕೆ 17 ದಿನ! ನಡುವೆ ನಿಂತ ದಿನಗಳೂ ಸೇರಿ ದಿನಕ್ಕೆ ಸರಾಸರಿ 15 ಕಿ.ಮೀ. ವೇಗ ಹತ್ತರಲ್ಲೊಂದು ಪಾಲಿಗೆ ಇಳಿದದ್ದೇಕೆ?

ಮುಂಗಾರಿನ ಗಾಳಿ ಆಗ ಸೋತಿತ್ತು. ಹಡಗುಗಳಿಗೆ ಉಳಿದ ಆಸರೆ ನೆಲಗಾಳಿ ಮತ್ತು ಕಡಲಗಾಳಿ. ಒಂದು ಗ್ರಾಂ ನೀರಿನ ತಾಪ 1 ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 4.2 ಜೂಲ್ ಶಾಖ ಬೇಕು. ಒಣ ಮಣ್ಣಿಗೆ ಅದರ ಐದನೆಯ ಒಂದು ಪಾಲು ಸಾಕು. ಹೀಗಾಗಿ ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ, ಕಡಲಿನ ಕಡೆಯ ತಂಪು ಗಾಳಿ ಒಳಗೆ ನುಗ್ಗುತ್ತದೆ. ರಾತ್ರಿ ನೆಲ ಬೇಗ ತಣಿದು ದಿಕ್ಕು ತಿರುವುಮುರುವಾಗುತ್ತದೆ. ಈ ಗಾಳಿಗಳನ್ನು ಹಿಡಿದು ಸಾಗುವುದು, ಗಾಳಿ ನಿಂತಾಗ ಲಂಗರು ಹಾಕುವುದು – ಹೀಗೆ ಅವರು ಕಾರವಾರದ ಎದುರಿನ ಅಂಜದೀವ ದ್ವೀಪವನ್ನು ಮುಟ್ಟಿದರು. ಅಲ್ಲಿ ಹಡಗುಗಳನ್ನು ದುರಸ್ತಿ ಮಾಡಿಕೊಂಡು, ನೀರು ತುಂಬಿಕೊಂಡು, ಅಕ್ಟೋಬರ್ 5ರಂದು ಪಶ್ಚಿಮಕ್ಕೆ ಹೊರಟರು.

ನೆಲಗಾಳಿ, ಕಡಲಗಾಳಿಗಳ ಪ್ರಭಾವ ತೀರದಿಂದ ಕೆಲವು ಹತ್ತು ಕಿಲೋಮೀಟರ್‌ಗಳವರೆಗೆ ಮಾತ್ರ. ನಡುಗಡಲಿನಲ್ಲಿ ಬೇಕಾದದ್ದು ಮಾನ್ಸೂನ್. ಮಾನ್ಸೂನಿಗೂ ಮೂಲ ಕಾರಣ ನೆಲ-ಕಡಲುಗಳ ತಾಪದ ಅಂತರವೇ. ಭೂಮಿಯ ಆವರ್ತನೆ ಅದರ ದಿಕ್ಕನ್ನು ಓರೆ ಮಾಡುತ್ತದೆ. ತೀರದ ಗಾಳಿ ದಿನಕ್ಕೆರಡು ಬಾರಿ ದಿಕ್ಕು ಬದಲಿಸಿದರೆ, ಮಾನ್ಸೂನ್ ವರ್ಷಕ್ಕೆರಡು ಬಾರಿ. ಅಕ್ಟೋಬರ್ ಮೊದಲಲ್ಲಿ ನೈಋತ್ಯ ಮಾರುತ ಮುಗಿದಿತ್ತು, ಈಶಾನ್ಯ ಮಾರುತ ನೆಲೆಗೊಂಡಿರಲಿಲ್ಲ. ಅರಬ್ ಮತ್ತು ಭಾರತೀಯ ನಾವಿಕರು ಈಶಾನ್ಯ ಮಾರುತಕ್ಕಾಗಿ ಕಾಯುವುದನ್ನು ತಲೆಮಾರುಗಳಿಂದ ಬಲ್ಲವರು. ಗಾಮನು ಕಾಯಲಿಲ್ಲ.

ಹಡಗುಗಳು ದಿನಗಟ್ಟಲೆ ನಿಂತಲ್ಲೇ ನಿಂತವು, ಇಲ್ಲವೆ ಎದುರುಗಾಳಿಗೆ ಸಿಕ್ಕವು. ಆಫ್ರಿಕದ ತೀರ ಕಂಡದ್ದು 1499ರ ಜನವರಿ 2ರಂದು, 89 ದಿನಗಳ ನಂತರ. ತಾಜಾ ಆಹಾರವಿಲ್ಲದೆ ಸ್ಕರ್ವಿಯಿಂದ ಸುಮಾರು 30 ಮಂದಿ ಸತ್ತರು. ನಡೆಸಲು ಜನ ಸಾಲದೆ ಸಾವ್ ರಾಫೆಲ್ ಎಂಬ ಹಡಗನ್ನು ಸುಡಬೇಕಾಯಿತು.

ಈ ಪ್ರಾಣಹಾನಿಗೆ ಬಿರುಗಾಳಿ ಕಾರಣವಲ್ಲ. ಹೊರಟ ತಿಂಗಳು ಕಾರಣ. ಕಡಲಿನಿಂದ 200 ಕಿ.ಮೀ.ಗೂ ದೂರವಿರುವ ಗುಬ್ಬಿ, ಚೇಳೂರಿನಂಥ ಊರುಗಳ ಶಾಲೆಗಳಲ್ಲಿಯೂ ಇದರ ಮೂಲತತ್ತ್ವವನ್ನು ತೋರಿಸಬಹುದು. ಒಂದೇ ಅಳತೆಯ ಎರಡು ಡಬ್ಬಿಗಳಲ್ಲಿ ಸಮತೂಕದ ಒಣ ಮಣ್ಣು ಮತ್ತು ನೀರು ತುಂಬಿ ಬಿಸಿಲಿನಲ್ಲಿಡಿ. ಹತ್ತು ನಿಮಿಷಕ್ಕೊಮ್ಮೆ ಎರಡರ ತಾಪವನ್ನೂ ಅಳೆದು, ಬಳಿಕ ನೆರಳಿಗೆ ತಂದು ಮತ್ತೆ ಅಳೆಯಿರಿ. ವಿದ್ಯಾರ್ಥಿಗಳು ಎಳೆಯುವ ಎರಡು ನಕ್ಷಾರೇಖೆಗಳ ಅಂತರದಲ್ಲೇ ಹಾಯಿಗಳನ್ನು ತುಂಬುವ ಗಾಳಿಯ ಮೂಲವಿದೆ.