ಬಿರುದ ರೂವಾರಿಗಳ ವ್ಯವಹಾರ: ಶಿಲ್ಪಿಯ ರುಜು ಯಾರಿಗಾಗಿ?

ನಮ್ಮ ಶಿಲ್ಪಕಲೆಯ ಬಗ್ಗೆ ಮಾತು ಬಂದಾಗೆಲ್ಲ ಒಂದು ವಾಕ್ಯ ತಪ್ಪದೆ ಕೇಳಿಬರುತ್ತೆ: ಭಾರತದ ಶಿಲ್ಪಿ ಹೆಸರಿಗೆ ಆಸೆಪಟ್ಟವನಲ್ಲ, ಕೆಲಸವನ್ನು ದೇವರಿಗೆ ಒಪ್ಪಿಸಿ ಅನಾಮಧೇಯನಾಗಿಯೇ ಉಳಿದವನು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಕರ್ನಾಟಕದ ಶಾಸನಗಳು ಇದನ್ನು ಒಪ್ಪುವುದಿಲ್ಲ. ನಮ್ಮ ರೂವಾರಿಗಳು ಹೆಸರು ಕೆತ್ತಿದ್ದಾರೆ, ಅಪ್ಪನ ಹೆಸರು ಕೆತ್ತಿದ್ದಾರೆ, ಊರು ಹೇಳಿದ್ದಾರೆ, ಎದುರಾಳಿಗಳನ್ನು ಹೀಯಾಳಿಸಿ ಬಿರುದನ್ನೂ ಹಾಕಿಕೊಂಡಿದ್ದಾರೆ. ಇವನ್ನು ಬರಿಯ ಜಂಬ ಅಂತ ಬದಿಗಿಡದೆ, ಊರೂರು ಸುತ್ತಿ ದುಡಿಯುತ್ತಿದ್ದ ಸ್ವತಂತ್ರ ಕಲಾವಿದನ ವ್ಯವಹಾರದ ದಾಖಲೆಗಳೆಂದು ಓದಿದರೆ ಏನು ಸಿಗುತ್ತದೆ ಎಂದು ನೋಡುವುದು ಈ ಬರಹದ ಉದ್ದೇಶ.

ದೇವಾಲಯದ ಶಾಸನಗಳಲ್ಲಿ ನಾನು ಮೊದಲು ಹುಡುಕಿದ್ದು ಕೂಲಿಯ ಲೆಕ್ಕ. ಪೂಜಾರಿಗೆ ಇಷ್ಟು, ಪಾತ್ರದವರಿಗೆ ಇಷ್ಟು, ವಾದ್ಯದವರಿಗೆ ಇಷ್ಟು, ಹೂವಿಗೆ ಎಣ್ಣೆಗೆ ಇಷ್ಟು ಎಂದು ಗದ್ಯಾಣ, ಪಣ, ಗದ್ದೆಗಳ ಲೆಕ್ಕವನ್ನು ಬಿಡಿಬಿಡಿಯಾಗಿ ಕೊಡುವ ಶಾಸನಗಳು ಒಂದೊಂದು ವಿಗ್ರಹಕ್ಕೆ ರೂವಾರಿಗೆ ಎಷ್ಟು ಸಂದಿತು ಎಂಬ ಬಗ್ಗೆ ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ. ಶಿಲ್ಪಿಗೆ ಬೆಲೆ ಇರಲಿಲ್ಲ ಎಂಬುದು ಇದರರ್ಥವಲ್ಲ. ದಾನಶಾಸನ ಕಟ್ಟಡದ ಖರ್ಚಿನ ಪುಸ್ತಕ ಅಲ್ಲ. ಆಚಂದ್ರಾರ್ಕವಾಗಿ ನಡೆಯಬೇಕಾದ ದತ್ತಿಯ ಪತ್ರ ಅದು. ವಾದ್ಯದವನ ಸಂಬಳ ಪ್ರತಿವರ್ಷ ಕೊಡುವಂಥದ್ದು, ಹಾಗಾಗಿ ಕಲ್ಲಿಗೆ ಬಂತು. ರೂವಾರಿಯ ಸಂಭಾವನೆ ಒಂದು ಸಲ ಕೊಟ್ಟು ಮುಗಿಸುವಂಥದ್ದು, ಕಲ್ಲಿಗೆ ಬರಲಿಲ್ಲ. ಕೆಲಸ ಮುಗಿದ ಮೇಲೆ ಅವನಿಗೆ ಆ ಊರಲ್ಲಿ ವರ್ಷವರ್ಷದ ಹುಟ್ಟುವಳಿ ಇಲ್ಲ. ಮುಂದಿನ ಊರು ಹುಡುಕಬೇಕು. ಅವನ ಜೊತೆ ಹೊರಡುವ ಬಂಡವಾಳ ಎರಡೇ: ಕೈಕಸುಬು ಮತ್ತು ಹೆಸರು.

ಹೆಸರನ್ನು ಬೆಳೆಸುವ ಈ ವಿದ್ಯೆ ಹೊಯ್ಸಳರ ಕಾಲದಲ್ಲಿ ಹುಟ್ಟಿದ್ದಲ್ಲ. ಬಾದಾಮಿ ಚಾಲುಕ್ಯರ ಕಾಲದ ಐಹೊಳೆಯ ಶಾಸನವೊಂದು ನರಸೊಬ್ಬನ ಬಗ್ಗೆ ಹೇಳುವುದನ್ನು ನೋಡಿ: ಮನೆ, ದೇವಾಲಯ ಕಟ್ಟುವುದರಲ್ಲಿ ಇವನಂಥವನು ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಇದಕ್ಕಿಂತ ದೊಡ್ಡ ಜಾಹೀರಾತು ಬೇಕೆ?

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನಗಳು ಇನ್ನೂ ಸ್ವಾರಸ್ಯಕರ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು. ಕಾಲ 8ನೆಯ ಶತಮಾನದ ನಡುಭಾಗ. ಕಟ್ಟಿದ ಸೂತ್ರಧಾರಿ ಗುಂಡ, ಅನಿವಾರಿತಾಚಾರಿ. ‘ಅನಿವಾರಿತ’ ಎಂಬುದು ಸ್ವತಃ ವಿಕ್ರಮಾದಿತ್ಯನ ಬಿರುದು. ಅಂದರೆ ಅರಸನ ಬಿರುದೇ ಶಿಲ್ಪಿಯ ಹೆಸರಿನ ಭಾಗವಾಗಿದೆ. ಯಾರ ಕೆಲಸ ಮಾಡಿದವನು ಎಂದು ಬೇರೆ ಕೇಳಬೇಕಿಲ್ಲ, ಹೆಸರು ಕರೆದರೆ ಸಾಕು, ಗೊತ್ತಾಗುತ್ತೆ. ಅದೇ ಗುಡಿಯ ಇನ್ನೊಂದು ಶಾಸನ ತೆಂಕಣ ದಿಕ್ಕಿನ ಸೂತ್ರಧಾರಿ ಸರ್ವಸಿದ್ಧಿ ಆಚಾರಿಯನ್ನು ಹೊಗಳುತ್ತಾ ವಾಸ್ತು, ಪ್ರಾಸಾದ, ಯಾನ, ಆಸನ, ಶಯನ, ಮಣಿಮಕುಟ ಎಂದು ಅವನ ನೈಪುಣ್ಯಗಳ ಪಟ್ಟಿ ಕೊಡುತ್ತದೆ. ಇದನ್ನು ಪ್ರಶಸ್ತಿ ಎಂದು ಓದುವುದು ವಾಡಿಕೆ. ಕಸುಬಿನವನ ಕಣ್ಣಿಂದ ಓದಿದರೆ ಇದು ‘ನಾನು ಏನೇನು ಮಾಡಿಕೊಡಬಲ್ಲೆ’ ಎಂಬ ಪಟ್ಟಿಯೂ ಹೌದು. ದೇವಾಲಯ ಕಟ್ಟಿಸುವ ರಾಣಿ ದಿನಾ ಸಿಗುವುದಿಲ್ಲ. ಮಂಚ, ಪೀಠ, ರಥ ಬೇಕೆನ್ನುವವರು ಇದ್ದೇ ಇರುತ್ತಾರೆ.

ಇನ್ನು ಬೇಲೂರಿಗೆ ಬರೋಣ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮದನಿಕೆಗಳ ಪೀಠಗಳಲ್ಲಿರುವ ರುಜುಗಳನ್ನು ಬಿ. ಎಲ್. ರೈಸ್ 1902ರ ಎಪಿಗ್ರಾಫಿಯಾ ಕರ್ನಾಟಿಕಾ 5ನೆಯ ಸಂಪುಟದಲ್ಲಿ ಪ್ರಕಟಿಸಿದರು, ಆಮೇಲೆ ಆರ್. ನರಸಿಂಹಾಚಾರ್ 1919ರಲ್ಲಿ ಬೇಲೂರಿನ ಮೇಲೆ ಪ್ರತ್ಯೇಕ ಪುಸ್ತಕವನ್ನೇ ತಂದರು. ಅಲ್ಲಿ ಸಿಗುವ ಹೆಸರುಗಳಲ್ಲಿ ಕೆಲವು: ಬಳ್ಳಿಗ್ರಾಮೆಯ ದಾಸೋಜ, ಅವನ ಮಗ ಚಾವಣ, ಗದುಗಿನ ಕಾಟೋಜನ ಮಗ ನಾಗೋಜ, ಇನೋಜನ ಮಗ ಚಿಕ್ಕಹಂಪ, ಪದರಿ ಮಲ್ಲೋಜ. ಬಳ್ಳಿಗಾವೆ, ಗದಗು ಎರಡೂ ಆಗ ಕಲ್ಯಾಣ ಚಾಲುಕ್ಯರ ಆಳ್ವಿಕೆಯ ಊರುಗಳು. ಗದಗಿನಿಂದ ಬೇಲೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಅಲ್ಲಿಂದ ಬಂದ ನಾಗೋಜ ತನ್ನನ್ನು ಗದುಗಿನ ತ್ರಿಕೂಟೇಶ್ವರನ ಜೊತೆ ಗುರುತಿಸಿಕೊಳ್ಳುತ್ತಾನೆ. ಹೊಸ ಜಾಗದಲ್ಲಿ ಕೆಲಸ ಹಿಡಿದವನಿಗೆ ಹಳೇ ಊರಿನ ಹೆಸರೇ ಯೋಗ್ಯತಾಪತ್ರ.

ದಾಸೋಜ ಮತ್ತು ಚಾವಣ ನನಗೆ ಬಹಳ ಮುಖ್ಯವಾಗಿ ಕಾಣುತ್ತಾರೆ. ಅಪ್ಪ, ಮಗ ಒಂದೇ ಕೆಲಸದ ಜಾಗದಲ್ಲಿದ್ದಾರೆ, ಆದರೆ ರುಜು ಬೇರೆ ಬೇರೆ. ಚಾವಣ ಅಪ್ಪನ ನೆರಳಲ್ಲಿ ಕರಗಿಹೋಗಿಲ್ಲ. ‘ಬಳ್ಳಿಗ್ರಾಮೆಯ ದಾಸೋಜನ ಮಗ’ ಎನ್ನುವುದನ್ನು ಮೆಟ್ಟಿಲು ಮಾಡಿಕೊಂಡು ತನ್ನ ಹೆಸರನ್ನು ಅದರ ಮೇಲೆ ನಿಲ್ಲಿಸುತ್ತಾನೆ. ಉಳಿ ಹಿಡಿಯುವುದನ್ನು ಅಪ್ಪನಿಂದ ಕಲಿತಂತೆ, ಹೆಸರನ್ನು ಯಾವ ಕ್ರಮದಲ್ಲಿ ಹೇಳಬೇಕು, ಎಲ್ಲಿ ಕೆತ್ತಬೇಕು ಎಂಬುದನ್ನೂ ಅವನು ಅಲ್ಲೇ ಕಲಿತಿರಬೇಕು.

ಬಿರುದುಗಳ ವಿಷಯಕ್ಕೆ ಬಂದರೆ, ಅವುಗಳ ಗುರಿ ಯಾರು ನೋಡಿ. ‘ಬಿರುದ ರೂವಾರಿಗಳೆಂಬ ಮನ್ಮಥನಿಗೆ ಶಿವ’, ‘ಬಿರುದ ರೂವಾರಿಗಳೆಂಬ ಬೆಟ್ಟಕ್ಕೆ ವಜ್ರ’ ಎಂಬ ಅರ್ಥದ ಮಾತುಗಳು ಹೊಯ್ಸಳ ರುಜುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬೈಗುಳ ಬೀಳುತ್ತಿರುವುದು ಭಕ್ತರ ಮೇಲಲ್ಲ, ಅರಸರ ಮೇಲೂ ಅಲ್ಲ, ಜೊತೆಗಾರ ಶಿಲ್ಪಿಗಳ ಮೇಲೆ. ಮದನಿಕೆಗಳಾದರೋ ಸೂರಿನ ಕೆಳಗೆ ಬಾಗಿಸಿ ನಿಲ್ಲಿಸಿದ ಬಿಡಿ ಶಿಲ್ಪಗಳು. ಅವುಗಳ ಪೀಠದ ಸಣ್ಣ ಅಕ್ಷರ ನೆಲದ ಮೇಲೆ ನಿಂತವರಿಗೆ ಸುಲಭವಾಗಿ ಓದಲು ಬರುವುದಿಲ್ಲ. ಹಾಗಾದರೆ ಅವುಗಳನ್ನು ಓದುವವರು ಯಾರು? ಶಿಲ್ಪ ಮೇಲಕ್ಕೆ ಏರುವ ಮುಂಚೆ ಕೆಲಸದ ಅಂಗಳದಲ್ಲಿ ಅದನ್ನು ಹತ್ತಿರದಿಂದ ನೋಡಿದ ಸಹಶಿಲ್ಪಿಗಳು, ಮೇಲ್ವಿಚಾರಕರು, ಅವರ ಜೊತೆ ಬಂದು ಹೋಗುವ ದಂಡನಾಯಕರು, ಶೆಟ್ಟರು. ಮುಂದಿನ ಗುಡಿಯ ಕೆಲಸ ಯಾರಿಗೆ ಎಂದು ಮಾತಾಗುತ್ತಿದ್ದದ್ದು ಇಂಥವರ ನಡುವೆಯೇ ಎಂದು ನನ್ನ ಅಭಿಪ್ರಾಯ.

ಸುಮಾರು ನೂರೈವತ್ತು ವರ್ಷದ ಆಮೇಲೆ ಸೋಮನಾಥಪುರದಲ್ಲಿ ರುಜುವಿನ ಸ್ವರೂಪವೇ ಬದಲಾಗಿದೆ. ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಮಯ, ನಂಜಯ ಎಂದು ಹೆಸರಷ್ಟೇ. ಮಲ್ಲಿತಮ್ಮನ ಹೆಸರಂತೂ ಕೆಲವೆಡೆ ‘ಮಲ್ಲಿ’ ಎಂದೋ, ಬರೇ ‘ಮ’ ಎಂದೋ ಮೊಟಕಾಗುತ್ತದೆ. ಅವನೊಬ್ಬನ ರುಜುವೇ ಹತ್ತಾರು ವಿಗ್ರಹಗಳ ಕೆಳಗಿದೆ. ಕೀರ್ತಿಗೋಸ್ಕರ ಆಗಿದ್ದರೆ ಒಂದು ಕಡೆ ಚೆನ್ನಾಗಿ ಕೆತ್ತಿದರೆ ಸಾಕಿತ್ತು. ‘ಮ’ ಎಂಬ ಒಂದಕ್ಷರದಿಂದ ಯಾರ ಕೀರ್ತಿ ಬೆಳೆಯುತ್ತದೆ? ಅದು ಲೆಕ್ಕದ ಗುರುತು ಎಂದು ನನಗನ್ನಿಸುತ್ತದೆ: ಈ ಕೆಲಸ ನನ್ನದು, ನನ್ನ ಪಾಲಿಗೆ ಸೇರಿಸಿ ಅಂತ. ಈ ಊಹೆಗೆ ನುಗ್ಗೇಹಳ್ಳಿಯಲ್ಲಿ ಸ್ವಲ್ಪ ಬಲ ಸಿಗುತ್ತದೆ. 1246ರ ಆ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ದಕ್ಷಿಣ ಭಾಗದ ರುಜುಗಳು ಬೈಚೋಜನವು, ಉತ್ತರ ಭಾಗದವು ಮಲ್ಲಿತಮ್ಮನವು. ಗೋಡೆಯನ್ನೇ ಹಂಚಿಕೊಂಡು ಕೆಲಸ ಒಪ್ಪಿಕೊಂಡಿದ್ದಾರೆ. ಹಾಗಾಗಿ ಎಲ್ಲ ರುಜುಗಳನ್ನೂ ಒಂದೇ ಗುಂಪಿಗೆ ಸೇರಿಸಬಾರದು. ಬಿರುದಿನ ಉದ್ದ ರುಜು ಮುಂದಿನ ಕೆಲಸಕ್ಕಾಗಿ. ತುಂಡು ರುಜು ಈ ಕೆಲಸದ ಬಾಕಿಗಾಗಿ.

ಗುಡಿ ಕಟ್ಟುವ ಕೆಲಸ ಇಲ್ಲದಾಗ ಏನು ಮಾಡುತ್ತಿದ್ದರು? ಶಾಸನಗಳ ಕೊನೆಯ ಸಾಲು ನೋಡಿ. ಶ್ರವಣಬೆಳಗೊಳದ ಶಾಸನಗಳಲ್ಲಿ ‘ಬಿರುದ ರೂವಾರಿ ಮುಖತಿಲಕ’ ಎನಿಸಿಕೊಂಡ ಗಂಗಾಚಾರಿಯಂಥವರು ಕಂಡರಣೆಕಾರರಾಗಿ ಕಾಣಿಸಿಕೊಳ್ಳುತ್ತಾರೆ. ವಿಗ್ರಹ ಕಡೆಯುವ ಕೈಯೇ ಅಕ್ಷರವನ್ನೂ ಕೆತ್ತಿದೆ. ಕವಿ ಪಾಠ ರಚಿಸಿದ, ಲಿಪಿಕಾರ ಬರೆದ, ರೂವಾರಿ ಕಂಡರಿಸಿದ. ತನ್ನ ಹೆಸರಿಗೂ ಒಂದು ಸಾಲು ಮಾಡಿಕೊಂಡ. ವಿಜಯನಗರದ ಹೊತ್ತಿಗೆ ಈ ಕಸುಬಿಗೆ ಇನ್ನೂ ಭದ್ರವಾದ ನೆಲೆ ಸಿಕ್ಕಿತು. ಕೃಷ್ಣದೇವರಾಯನ ತಾಮ್ರಶಾಸನಗಳಲ್ಲಿ ಕವಿ ಸಭಾಪತಿಯ ಹೆಸರಿನ ಜೊತೆಗೇ ಮಲ್ಲಣನ ಮಗ ವೀರಣಾಚಾರ್ಯನ ಹೆಸರೂ ಬರುತ್ತದೆ, ಮತ್ತು ಅಗ್ರಹಾರದ ವೃತ್ತಿಗಳಲ್ಲಿ ಒಂದು ಪಾಲು ಕಂಡರಣೆಕಾರನಿಗೂ ಸಲ್ಲುವುದುಂಟು. ಪಟ್ಟದಕಲ್ಲಿನ ಗುಂಡನಿಗೆ ಸಿಕ್ಕಿದ್ದು ಪಟ್ಟ, ಗೌರವ, ವೀರಣಾಚಾರ್ಯನಿಗೆ ಭೂಮಿ. ಎರಡೂ ಸಂಪಾದನೆಯೇ, ಆದರೆ ಎರಡನೆಯದು ಮಕ್ಕಳ ಕಾಲಕ್ಕೂ ಉಣ್ಣಿಸುತ್ತದೆ.

ನನ್ನ ಪರಿಚಯದ ಯುವಶಿಲ್ಪಿಯೊಬ್ಬರು ಬಳಪದ ಕಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಅವರ ವಿಗ್ರಹಗಳನ್ನು ಕೊಳ್ಳುವ ವ್ಯಾಪಾರಿ ಹಾಕುವ ಒಂದೇ ಷರತ್ತು, ಪೀಠದಲ್ಲಿ ಹೆಸರು ಇರಕೂಡದು. ‘ಹಣ ಸರಿಯಾಗೇ ಕೊಡ್ತಾರೆ ಸಾರ್, ಆದ್ರೆ ಐದು ವರ್ಷ ಆಯ್ತು, ನನ್ನನ್ನೇ ಕೇಳ್ಕೊಂಡು ಒಬ್ಬರೂ ಬಂದಿಲ್ಲ’ ಅಂದರು. ದಾಸೋಜನಿಗೆ ಇದು ಅರ್ಥವಾಗುತ್ತಿತ್ತು. ಅವರಿಗೆ ಬೇಲೂರಿನ ರುಜುಗಳ ಪಾಠವನ್ನು ಓದಿ ಹೇಳಿದೆ. ಮುಂದಿನ ಸಲ ಬೆಲೆ ಮಾತಾಡುವಾಗ ಹೆಸರಿನ ಮಾತನ್ನೂ ಅದರ ಜೊತೆಗೇ ಆಡುತ್ತೇನೆ ಎಂದಿದ್ದಾರೆ.

ಓದುಗರಲ್ಲಿ ಒಂದು ವಿನಂತಿ. ಈ ರುಜುಗಳು ಅಂಗುಲಗಳ ಲೆಕ್ಕದ ಅಕ್ಷರಗಳು. ಸುಣ್ಣ ಬಳಿದರೆ, ಎಣ್ಣೆ ಮೆತ್ತಿದರೆ, ಶುಚಿ ಮಾಡುವ ಹೆಸರಲ್ಲಿ ಉಜ್ಜಿದರೆ ಮೊದಲು ಹೋಗುವುದು ಇವೇ. ನಿಮ್ಮೂರ ಹಳೇ ಗುಡಿಗೆ ಹೋದಾಗ ವಿಗ್ರಹದ ಮುಖದ ಜೊತೆ ಪಾದದ ಕೆಳಗಿನ ಪಟ್ಟಿಯನ್ನೂ ಒಮ್ಮೆ ನೋಡಿ. ಅಕ್ಷರ ಕಂಡರೆ ಮುಟ್ಟದೆ, ಪಕ್ಕದಿಂದ ಬೆಳಕು ಬೀಳುವ ಬೆಳಗ್ಗೆಯೋ ಸಂಜೆಯೋ ಫೋಟೋ ತೆಗೆಯಿರಿ. ಗೋಡೆಯ ಯಾವ ದಿಕ್ಕು, ಯಾವ ವಿಗ್ರಹ ಎಂಬುದನ್ನು ಬರೆದಿಡಲು ಮರೆಯಬೇಡಿ. ಯಾರ ಪಾಲು ಎಲ್ಲಿಗೆ ಮುಗಿಯಿತು, ಇನ್ನೊಬ್ಬನದು ಎಲ್ಲಿಂದ ಶುರುವಾಯಿತು ಎಂಬ ಲೆಕ್ಕ ಹೊರಡುವುದು ಅದರಿಂದಲೇ.