ಮಂಗಳೂರಿನಿಂದ ಒಂದು ದಿನದ ಕಡಲಯಾನ: ಬೋಟು ಹತ್ತುವ ಮುನ್ನ

ಮಂಗಳೂರು: ಪಶ್ಚಿಮಕ್ಕೆ ಅರಬ್ಬಿ ಕಡಲು, ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ನದಿ. ಶತಮಾನಗಳಿಂದ ವ್ಯಾಪಾರ ಕಂಡ ಹಳೆ ಬಂದರು ಒಂದೆಡೆಯಾದರೆ, ಪಣಂಬೂರಿನಲ್ಲಿ 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರು ಇನ್ನೊಂದೆಡೆ. ಇಷ್ಟೆಲ್ಲ ಇರುವ ನಗರದಲ್ಲಿ ಬೆಳಿಗ್ಗೆ ಬೋಟು ಹತ್ತಿ, ಹಗಲೆಲ್ಲ ಕಡಲಲ್ಲಿ ಕಳೆದು, ಸಂಜೆಗೆ ಮರಳುವುದು ಸುಲಭವಿರಬೇಕೆಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಬರುವವರು ಭಾವಿಸುವುದು ಸಹಜ. ಆದರೆ ಬಂದರಿನ ದಕ್ಕೆಯಲ್ಲಿ ನಿಂತು 'ದ್ವೀಪಕ್ಕೆ ಬೋಟು ಎಲ್ಲಿಂದ?' ಎಂದು ವಿಚಾರಿಸುವವರಿಗೆ ದೊರೆಯುವ ಉತ್ತರ ಒಂದೇ: 'ಮಲ್ಪೆಗೆ ಹೋಗಿ.'

ಈ ಉತ್ತರದಿಂದ ನಿರಾಶರಾಗಬೇಕಿಲ್ಲ. ಒಂದೇ ಟಿಕೆಟಿನಲ್ಲಿ ಸಿಗದ ಪ್ರವಾಸವನ್ನು ಬಸ್ಸು, ಬೋಟು ಮತ್ತು ನದಿ ದಾಟಿಸುವ ದೋಣಿಗಳನ್ನು ಜೋಡಿಸಿಕೊಂಡು ಒಂದು ದಿನದಲ್ಲಿ ಪೂರೈಸಬಹುದು. ಆದರೆ ಹೊರಡುವ ಮೊದಲು ಗಾಳಿ, ಅಳಿವೆ ಮತ್ತು ಬೋಟಿನ ಸ್ಥಿತಿಗಳ ಕುರಿತು ಕೆಲವು ಸಂಗತಿಗಳನ್ನು ತಿಳಿದಿರುವುದು ಅತ್ಯವಶ್ಯ.

ನಗರದಿಂದಲೇ ಏಕಿಲ್ಲ?

ಮೊದಲ ಕಾರಣ ದೂರ. ಮಂಗಳೂರಿನ ಅಳಿವೆಯಿಂದ ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪಕ್ಕೆ ಕಡಲ ದಾರಿಯಲ್ಲಿ ಸುಮಾರು 30 ನಾಟಿಕಲ್ ಮೈಲು, ಅಂದರೆ 55 ಕಿಲೋಮೀಟರಿಗೂ ಮಿಕ್ಕಿ. ಗಂಟೆಗೆ 8 ನಾಟಿಕಲ್ ಮೈಲು ಸಾಗುವ ಬೋಟಿಗೆ ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ. ದ್ವೀಪದಲ್ಲಿ ಕಾಲೂರಲು ಉಳಿಯುವುದು ಅತ್ಯಲ್ಪ ಸಮಯ. ಮೇಲಾಗಿ ನಡುವಿನ ತೀರದಲ್ಲಿ ಬಂಡೆಗಳ ಭಯವಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ವೇಳೆ ಕೋರಮಂಡಲ್ ಸಪೋರ್ಟರ್ ಎಂಬ ಟಗ್ ಕಾಪು ಸಮೀಪದ ಕಡಲಬಂಡೆಗಳ ನಡುವೆ ಸಿಲುಕಿತ್ತು. ಅದರಲ್ಲಿದ್ದ 9 ಮಂದಿಯನ್ನು ತಟರಕ್ಷಣಾ ಪಡೆ ಹಾಗೂ ನೌಕಾಪಡೆಗಳು ಪಾರು ಮಾಡಿದ್ದನ್ನು ಕರಾವಳಿಯ ಜನ ಮರೆತಿಲ್ಲ.

ಎರಡನೆಯದು ಅಳಿವೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಬಾಗಿಲಿನಿಂದ ಕಡಲು ಸೇರುತ್ತವೆ. ಒಂದು ಬದಿಗೆ ಉಳ್ಳಾಲ, ಇನ್ನೊಂದು ಬದಿಗೆ ಬೆಂಗ್ರೆ. ನದಿ ಹೊತ್ತು ತರುವ ಮರಳು, ಕಡಲು ಹಿಂದಕ್ಕೆ ತಳ್ಳುವ ಮರಳು ಎರಡೂ ಇಲ್ಲಿ ದಿಬ್ಬಗಟ್ಟುತ್ತವೆ. ಆಳ ಕಡಿಮೆಯಾದೆಡೆ ಅಲೆ ಎತ್ತರಕ್ಕೆದ್ದು ಮುರಿಯುತ್ತದೆ. ಅನುಭವಿ ಮೀನುಗಾರರ ಬೋಟುಗಳೇ ಅಳಿವೆ ಬಾಗಿಲಿನಲ್ಲಿ ಅಪಾಯಕ್ಕೀಡಾದ ಪ್ರಸಂಗಗಳಿವೆ. ಮಕ್ಕಳುಮರಿ ಸಮೇತ ಬಂದ ಪ್ರವಾಸಿಗರನ್ನು ದಿನಕ್ಕೆರಡು ಬಾರಿ ಇದರ ಮೂಲಕ ದಾಟಿಸುವುದು ಯಾರೂ ಹಗುರವಾಗಿ ಕೈಗೆತ್ತಿಕೊಳ್ಳುವ ಕೆಲಸವಲ್ಲ.

ಪಣಂಬೂರಿನ ಹೊಸ ಬಂದರಿಗೆ ಅಳಿವೆಯ ತೊಡಕಿಲ್ಲ. ಆದರೆ ಅದು ಭದ್ರತಾ ವಲಯ. ಮಳೆಗಾಲ ಕಳೆದ ಮೇಲೆ ವಿದೇಶಿ ವಿಹಾರ ನೌಕೆಗಳು ಅಲ್ಲಿಗೆ ಬರುತ್ತವೆ, ಪ್ರಯಾಣಿಕರು ಇಳಿದು ಕುದ್ರೋಳಿ ದೇವಾಲಯ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗಳನ್ನು ನೋಡಿ ಸಂಜೆಗೆ ಹಡಗು ಹತ್ತುತ್ತಾರೆ. ಕಡಲಿನಿಂದ ಬಂದವರಿಗೆ ಒಂದು ದಿನದ ಮಂಗಳೂರು ದೊರೆಯುತ್ತದೆ, ಮಂಗಳೂರಿನವರಿಗೆ ಒಂದು ದಿನದ ಕಡಲು ಅಲ್ಲಿಂದ ದೊರೆಯದು!

ಮಲ್ಪೆಯ ದಾರಿ

ಮಲ್ಪೆ ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿ ಮಾರ್ಗವಾಗಿ ಸುಮಾರು 60 ಕಿಲೋಮೀಟರು. ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಉಡುಪಿಗೆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಬೆಳಗಿನಿಂದಲೇ ಹೊರಡುತ್ತವೆ. ಒಂದೂವರೆಯಿಂದ ಎರಡು ಗಂಟೆಯ ಪ್ರಯಾಣ. ಉಡುಪಿಯಿಂದ ಮಲ್ಪೆಗೆ ನಗರ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ಇಂದ್ರಾಳಿಯ ಉಡುಪಿ ನಿಲ್ದಾಣದಲ್ಲಿ ಇಳಿಯಬೇಕು. ಬೆಳಿಗ್ಗೆ 7 ಗಂಟೆಯೊಳಗೆ ಮಂಗಳೂರು ಬಿಟ್ಟರೆ ಮೊದಲ ಬೋಟುಗಳ ಹೊತ್ತಿಗೆ ತಲುಪಲು ಅಡ್ಡಿಯಿಲ್ಲ.

ಬೇಗ ಹೊರಡಿ ಎನ್ನುವುದು ಬಿಸಿಲಿನ ಕಾರಣಕ್ಕಷ್ಟೇ ಅಲ್ಲ. ಬೇಸಗೆ ಹಾಗೂ ಚಳಿಗಾಲದಲ್ಲಿ ನಮ್ಮ ತೀರದಲ್ಲಿ ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಗಾಳಿ ಬೀಸುತ್ತದೆ, ಕಡಲು ಹೆಚ್ಚಾಗಿ ಶಾಂತವಾಗಿರುತ್ತದೆ. ಹೊತ್ತೇರಿ ನೆಲ ಕಾದಂತೆ ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ಬೀಸತೊಡಗುತ್ತದೆ. ಮಧ್ಯಾಹ್ನದ ಬಳಿಕ ಅದು ಬಲಗೊಂಡು ನೀರಿನ ಮೇಲೆ ಸಣ್ಣ ಬಿಳಿ ನೊರೆ ಏಳುತ್ತದೆ. ಬೆಳಿಗ್ಗೆ ಹಾಯಾಗಿ ಹೋದ ಬೋಟೇ ಮಧ್ಯಾಹ್ನ ಮೂರಕ್ಕೆ ಮರಳುವಾಗ ಒಲೆದಾಡುತ್ತದೆ. ಆದ್ದರಿಂದ ಬೆಳಗಿನ ಬೋಟಿನಲ್ಲಿ ಹೋಗಿ ಮಧ್ಯಾಹ್ನಕ್ಕೆ ದಡ ಸೇರುವುದು ಜಾಣತನ. ಕೊನೆಯ ಬೋಟಿನವರೆಗೆ ಕಾಯುವ ಅಭ್ಯಾಸ ಬೇಡ.

ದ್ವೀಪಕ್ಕೆ ಮಲ್ಪೆಯಿಂದ ಸುಮಾರು 6 ಕಿಲೋಮೀಟರು, ಅರ್ಧ ಗಂಟೆಯ ಆಸುಪಾಸಿನ ಯಾನ. ದೊಡ್ಡ ಬೋಟು ದಂಡೆಯವರೆಗೆ ಹೋಗಲಾಗದ ಸಂದರ್ಭದಲ್ಲಿ ನೀರಿನ ನಡುವೆಯೇ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ವಯೋವೃದ್ಧರು, ಮೊಣಕಾಲು ನೋವಿನವರು ಇದನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳುವುದು ಒಳಿತು. ಮೇ ಮಧ್ಯಭಾಗದಿಂದ ಮಳೆಗಾಲ ಮುಗಿಯುವವರೆಗೆ ದ್ವೀಪಯಾನ ನಿಲ್ಲುವುದು ವಾಡಿಕೆ. ಯಾಂತ್ರೀಕೃತ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವಾಗ ಪ್ರವಾಸಿಗರಿಗೆ ಆ ಕಡಲು ತಕ್ಕದ್ದಲ್ಲ.

ಕಲ್ಲಿನ ಕಂಬಗಳ ನಡುವೆ

ಸ್ಥಳೀಯರ ಬಾಯಲ್ಲಿ ತೋನ್ಸೆಪಾರ್ ಎನಿಸಿದ ಈ ದ್ವೀಪಸಮೂಹಕ್ಕೆ ಸೈಂಟ್ ಮೇರಿಯ ಹೆಸರು ಬಂದದ್ದು ವಾಸ್ಕೋ ಡ ಗಾಮನಿಂದ, 1498ರಲ್ಲಿ ಎಂಬುದು ಪ್ರತೀತಿ. ನಾಲ್ಕು ಮುಖ್ಯ ದ್ವೀಪಗಳಲ್ಲಿ ಪ್ರವಾಸಿಗರು ಇಳಿಯುವುದು ತೆಂಗಿನಮರಗಳಿರುವ ಒಂದರಲ್ಲಿ. ಉದ್ದ ಅರ್ಧ ಕಿಲೋಮೀಟರು, ಅಗಲ ನೂರು ಮೀಟರಿನ ಸುಮಾರು. ನಡೆದರೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ನೋಡಿ ಮುಗಿಸಲು ಅಷ್ಟು ಸಾಲದು.

ಯಾರೋ ಕೆತ್ತಿ ಜೋಡಿಸಿಟ್ಟಂತೆ ನಿಂತಿರುವ ಬಹುಭುಜಾಕೃತಿಯ ಶಿಲಾಸ್ತಂಭಗಳೇ ಇಲ್ಲಿನ ವಿಶೇಷ. ಲಾವಾರಸ ನಿಧಾನವಾಗಿ ತಣಿಯುವಾಗ ಕುಗ್ಗಿ, ಬೇಸಗೆಯಲ್ಲಿ ಕೆರೆಯಂಗಳ ಒಡೆಯುವಂತೆ ಬಿರುಕುಬಿಟ್ಟು, ಆ ಬಿರುಕು ಕೆಳಗಿಳಿದು ಕಂಬಗಳಾದವು. ಇವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಭಾರತದ ಭೂಭಾಗದಿಂದ ಮಡಗಾಸ್ಕರ್ ಬೇರ್ಪಟ್ಟ ಕಾಲದ ಅಗ್ನಿಶಿಲೆಗಳಿವು ಎಂಬುದು ಭೂವಿಜ್ಞಾನಿಗಳ ನಿರ್ಣಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಕಾಲಡಿಯ ಕಲ್ಲು ಒಂದು ಕಾಲಕ್ಕೆ ಆಫ್ರಿಕದ ಅಂಚಿನ ನೆಲಕ್ಕೆ ಹೊಂದಿಕೊಂಡಿತ್ತೆಂಬ ಅರಿವಿನೊಂದಿಗೆ ನಿಂತರೆ ದ್ವೀಪ ಬೇರೆಯೇ ಆಗಿ ಕಾಣುತ್ತದೆ. ಸೆಲ್ಫಿಗಾಗಿ ಇದೇ ಕಂಬಗಳನ್ನು ಹತ್ತುವವರಿಗೆ ಇದನ್ನು ಹೇಳುವವರು ಯಾರು?

ಕಂಬಗಳ ಬುಡದಲ್ಲಿ ಪಾಚಿ ಜಾರುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದಲ್ಲಿ ನೀರುಪಾಲಾದರು. ಶಾಂತವಾಗಿ ಕಾಣುವ ಕಡಲಿನಲ್ಲಿಯೂ ನಡುನಡುವೆ ದೊಡ್ಡ ಅಲೆಯೊಂದು ಬರುತ್ತದೆ. ಬಂಡೆಯ ಅಂಚಿನಲ್ಲಿ ಬೆನ್ನು ಮಾಡಿ ನಿಂತವನಿಗೆ ಅದು ತಿಳಿಯುವುದಿಲ್ಲ. ಗುರುತು ಹಾಕಿದ ಜಾಗ ಬಿಟ್ಟು ನೀರಿಗಿಳಿಯಬಾರದು, ಜೀವರಕ್ಷಕರ ಸೀಟಿಗೆ ಕೂಡಲೇ ಕಿವಿಗೊಡಬೇಕು. ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಟೋಪಿ, ಕುಡಿಯುವ ನೀರು ಜೊತೆಯಲ್ಲಿರಲಿ. ಒಯ್ದದ್ದನ್ನು ಮರಳಿ ತರಬೇಕು.

ಲೈಫ್ ಜಾಕೆಟ್ ಕೇಳಿ ಪಡೆಯಿರಿ

ಬೋಟು ಹತ್ತುವ ಮುನ್ನ ನೋಡಬೇಕಾದದ್ದು ಬಣ್ಣವನ್ನಲ್ಲ, ತಲೆಗಳ ಲೆಕ್ಕವನ್ನು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿ 16 ಮಂದಿ ಸತ್ತರು. ಸತ್ತವರಲ್ಲಿ ಮಕ್ಕಳೂ ಇದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ಬೋಟು ಮಗುಚಿ 22 ಮಂದಿ ಜೀವ ಕಳೆದುಕೊಂಡರು. ಅದು ಮೀನುಗಾರಿಕಾ ದೋಣಿಯನ್ನು ಮಾರ್ಪಡಿಸಿ ಮಾಡಿದ್ದ ಬೋಟು, ಹೊರಟದ್ದು ಸಂಜೆಗತ್ತಲಿನಲ್ಲಿ. ಎರಡೂ ಕಡೆ ಕೇಳಿಬಂದ ಆಕ್ಷೇಪ ಒಂದೇ: ಮಿತಿಮೀರಿದ ಜನ, ಮೈಮೇಲಿಲ್ಲದ ಲೈಫ್ ಜಾಕೆಟ್. ಎರಡೂ ದುರಂತಗಳು ದಡಕ್ಕೆ ದೂರದಲ್ಲೇನೂ ನಡೆದವಲ್ಲ.

ಪರವಾನಗಿ ಪಡೆದ ಬೋಟು ಎಷ್ಟು ಮಂದಿಯನ್ನು ಒಯ್ಯಬಹುದೆಂಬುದಕ್ಕೆ ಮಿತಿ ಇರುತ್ತದೆ. ಕೇಳಿದರೆ ತಪ್ಪಿಲ್ಲ. ಜನ ಹೆಚ್ಚಾಗಿ ಕಂಡರೆ ಇಳಿದು ಮುಂದಿನ ಬೋಟಿಗೆ ಕಾಯಬೇಕು. 'ಇನ್ನಿಬ್ಬರು ತಾನೇ, ಸರಿದು ಕುಳಿತುಕೊಳ್ಳಿ' ಎಂಬ ಮಾತಿಗೆ ದಾಕ್ಷಿಣ್ಯ ತೋರುವುದು ಬಸ್ಸಿನಲ್ಲಿ ಸರಿ, ಬೋಟಿನಲ್ಲಿ ಅಲ್ಲ. ಜಾಕೆಟನ್ನು ತೊಡೆಯ ಮೇಲಿಟ್ಟುಕೊಳ್ಳುವುದೂ ಧರಿಸಿದಂತಲ್ಲ. ಬೋಟು ಮಗುಚುವುದು ಕ್ಷಣಾರ್ಧದಲ್ಲಿ. ನೀರಿನಲ್ಲಿ ಒದ್ದಾಡುತ್ತ ಪಟ್ಟಿ ಬಿಗಿಯಲು ಯಾರಿಂದಲೂ ಆಗದು. ಎಲ್ಲ ಕೊಂಡಿಗಳನ್ನೂ ಹಾಕಿ, ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಬೇಕು. ಜಾಕೆಟ್ ಕಿವಿಯವರೆಗೆ ಏರಿದರೆ ಅದು ಸಡಿಲ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರದ್ದನ್ನು ತೊಡಿಸಿದರೆ ಮಗು ಅದರೊಳಗಿಂದ ಜಾರಿಹೋಗುತ್ತದೆ. ಮಗುವಿನ ಅಳತೆಯ ಜಾಕೆಟ್ ಇಲ್ಲವೆಂದಾದರೆ ಆ ಬೋಟು ನಿಮ್ಮದಲ್ಲ.

ಚಲಿಸುವ ಬೋಟಿನಲ್ಲಿ ಫೋಟೋಕ್ಕೆಂದು ಎಲ್ಲರೂ ಒಂದೇ ಬದಿಗೆ ಧಾವಿಸುವುದು ಇನ್ನೊಂದು ಅಪಾಯ. ದೂರದಲ್ಲಿ ಡಾಲ್ಫಿನ್ ಬೆನ್ನು ಕಂಡೊಡನೆ ಹೀಗಾಗುವುದನ್ನು ಈ ವರದಿಗಾರ ಕಣ್ಣಾರೆ ಕಂಡದ್ದುಂಟು. ಬೋಟಿನವನ ಗದರಿಕೆಗೆ ಅಂದು ಎಲ್ಲರೂ ಮರಳಿ ಕುಳಿತರು. ವಾಕರಿಕೆ ಬರುವವರು ಬೋಟಿನ ನಡುಭಾಗದಲ್ಲಿ ಕುಳಿತು ದಿಗಂತದತ್ತ ದೃಷ್ಟಿ ನೆಡುವುದು, ಹೊರಡುವ ಮೊದಲು ಮಿತವಾಗಿ ತಿನ್ನುವುದು ಉಪಯುಕ್ತ.

ಕಡಲಿನಲ್ಲಿ ಅಪಾಯ ಎದುರಾದರೆ ತಟರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳಿಗೆ ಕರೆ ಮಾಡಬಹುದು. ದಡದಲ್ಲಿರುವಾಗಲೇ ಇವು ಮೊಬೈಲಿನಲ್ಲಿರಲಿ.

ಬೋಟು ಹೊರಡದಿದ್ದರೆ

ಮಳೆಗಾಲ ಕಳೆದ ಮೇಲೂ ಅರಬ್ಬಿ ಕಡಲಿನಲ್ಲಿ ವಾಯುಭಾರ ಕುಸಿದರೆ ಯಾನ ರದ್ದಾಗುತ್ತದೆ. ಬೋಟಿನವರೊಡನೆ ವಾದಿಸಿ ಪ್ರಯೋಜನವಿಲ್ಲ, ರದ್ದು ಮಾಡಿದವರಿಗೆ ಕೃತಜ್ಞರಾಗಿರಬೇಕು. ಅಂಥ ದಿನ ಮಲ್ಪೆಯ ಮೀನುಗಾರಿಕಾ ಬಂದರನ್ನೇ ನೋಡಬಹುದು. ಇಲ್ಲವೇ ಸಮೀಪದ ಕೋಡಿಬೆಂಗ್ರೆಗೆ ಹೋಗಿ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವುದನ್ನು ಕಾಣಬಹುದು. (ಇದು ಮಂಗಳೂರಿನ ಬೆಂಗ್ರೆಯಲ್ಲ, ದಾರಿ ಕೇಳುವಾಗ ಗೊಂದಲ ಬೇಡ.) ಆದರೆ ನದಿಯಲ್ಲಿಯೂ ಲೈಫ್ ಜಾಕೆಟ್‌ನ ನಿಯಮ ಬದಲಾಗದು.

ಲಕ್ಷದ್ವೀಪವನ್ನು ಒಂದು ದಿನದಲ್ಲಿ ನೋಡಿಬರಬಹುದೇ ಎಂದು ಕೇಳುವವರೂ ಇದ್ದಾರೆ. ಮಂಗಳೂರಿಗೂ ಅಮಿನದಿವಿ ದ್ವೀಪಗಳಿಗೂ ನಂಟು ಹಳೆಯದು. 1956ರವರೆಗೆ ಅವು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು, ಹಳೆ ಬಂದರಿನಿಂದ ದಿನಸಿ, ಕಟ್ಟಡ ಸಾಮಗ್ರಿ ಹೇರಿಕೊಂಡು ಮಂಜಿಗಳು ದ್ವೀಪಗಳಿಗೆ ಹೋಗುವ ರೂಢಿ ಬೆಳೆದದ್ದು ಹೀಗೆ. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು 160 ಪ್ರಯಾಣಿಕರನ್ನು ಸುಮಾರು 7 ಗಂಟೆಯಲ್ಲಿ ಮಂಗಳೂರಿಗೆ ತಂದು ಮುಟ್ಟಿಸಿತ್ತು. ಹೋಗುವುದಕ್ಕೇ ಒಂದು ಹಗಲು. ಜೊತೆಗೆ ದ್ವೀಪ ಪ್ರವೇಶಕ್ಕೆ ಪೂರ್ವಾನುಮತಿ ಬೇಕು. ಆದ್ದರಿಂದ ಅದು ದಿನದ ಪ್ರವಾಸದ ಲೆಕ್ಕಕ್ಕೆ ಬಾರದು.

ಮರಳುವ ಹಾದಿಯಲ್ಲಿ

ಮಧ್ಯಾಹ್ನ ಮಲ್ಪೆಗೆ ಮರಳಿ, ಮೀನೂಟ ಮುಗಿಸಿ ಹೊರಟರೆ ಸಂಜೆಗೆ ಮುನ್ನ ಕಾಪು ತಲುಪಬಹುದು. ಕಡಲಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿದೆ. ಬೆಳಿಗ್ಗೆ ತಿಳಿಯಾಗಿದ್ದ ನೀರು ಈಗ ಎಷ್ಟು ಕದಡಿದೆಯೆಂದು ಅಲ್ಲಿಂದ ಕಾಣುತ್ತದೆ.

ಕಾಪುವಿನಿಂದ ನೇರ ನಗರಕ್ಕೆ ಹೋಗದೆ ಕೂಳೂರು ಬಳಿ ತಿರುಗಿ ತಣ್ಣೀರುಬಾವಿ ಸೇರುವುದು ನಮ್ಮ ಸಲಹೆ. ಕಾರಿದ್ದವರಿಗೆ ಇದು ಹೊಂದದು, ಬಸ್ಸಿನವರಿಗೆ ಸೊಗಸು. ಅಲ್ಲಿಂದ ಗುರುಪುರ ನದಿಯನ್ನು ದಾಟಿಸುವ ದೋಣಿ ಕೆಲವೇ ನಿಮಿಷಗಳಲ್ಲಿ ಸುಲ್ತಾನ್ ಬತ್ತೇರಿಗೆ ಮುಟ್ಟಿಸುತ್ತದೆ. ವೈರಿ ನೌಕೆಗಳು ನದಿಗೆ ನುಗ್ಗದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕರಿಗಲ್ಲಿನ ಕಾವಲು ಬುರುಜು ಎದುರಿಗೆ ಕಾಣುತ್ತದೆ. ಇನ್ನೂ ದಕ್ಷಿಣದಲ್ಲಿ ಬೆಂಗ್ರೆಯಿಂದ ಹಳೆ ಬಂದರಿಗೂ ಇಂಥದೇ ದೋಣಿಗಳಿವೆ. ಬೆಂಗ್ರೆಯವರಿಗೆ ಅವು ವಿಹಾರವಲ್ಲ, ನಿತ್ಯದ ದಾರಿ. ಶಾಲೆಗೆ, ಕೆಲಸಕ್ಕೆ, ಆಸ್ಪತ್ರೆಗೆ ಹೋಗುವವರು ರಸ್ತೆಯಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಸುತ್ತುವ ಬದಲು ಇದರಲ್ಲೇ ದಾಟುತ್ತಾರೆ. ಕೆಲಸ ಮುಗಿಸಿ ಮನೆಗೆ ಧಾವಿಸುವ ಹೊತ್ತಿನಲ್ಲಿ ಅವರ ಆಸನಗಳನ್ನು ಕ್ಯಾಮೆರಾ ಹಿಡಿದ ನಾವು ಆಕ್ರಮಿಸಬಾರದು. ಸಂಜೆಯ ಕೊನೆಯ ದೋಣಿ ಎಷ್ಟು ಗಂಟೆಗೆಂದು ದಕ್ಕೆಯಲ್ಲಿ ಮೊದಲೇ ಕೇಳಿಕೊಂಡು, ಕತ್ತಲಾಗುವ ಮುನ್ನ ದಾಟಿಬಿಡಿ.