ಸ್ವಯಂಚಾಲಿತ ಗೇರಿನ ಕಾರು: ಗೇರು ಸರಿಯಾಗಿ ಬೀಳದಿದ್ದಾಗ ಪರೀಕ್ಷಿಸಬೇಕಾದ ಕ್ರಮ

ಮುಂಬಯಿ, ಪುಣೆಗಳಂಥ ಮಹಾನಗರಗಳಲ್ಲಿ ಒಂದು ಸಿಗ್ನಲ್ಲಿನಿಂದ ಇನ್ನೊಂದನ್ನು ತಲುಪುವಷ್ಟರಲ್ಲಿ ಹತ್ತಾರು ಬಾರಿ ಕ್ಲಚ್ ತುಳಿಯಬೇಕಾದ ಬವಣೆಯಿಂದ ಪಾರಾಗಲು ಅನೇಕರು, ಅದರಲ್ಲೂ ಮೊಣಕಾಲು ನೋವಿನ ವಯಸ್ಸಿಗೆ ಬಂದ ನಮ್ಮಂಥವರು, ಸ್ವಯಂಚಾಲಿತ ಗೇರಿನ ಕಾರುಗಳನ್ನು ಕೊಳ್ಳುತ್ತಿದ್ದಾರೆ. ಸರಿಯಿರುವಷ್ಟು ದಿನ ಇಂಥ ಕಾರು ಚಾಲಕನಿಂದ ಹೆಚ್ಚೇನನ್ನೂ ಬೇಡುವುದಿಲ್ಲ. ಆದರೆ ಒಂದು ದಿನ ಗೇರು ಬೀಳಲು ತಡವಾದರೆ ಅಥವಾ ಕಾರು ಜಗ್ಗಿದರೆ, ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು ‘ಗೇರ್‌ಬಾಕ್ಸ್ ಹೋಗಿದೆ’ ಎಂಬುದು. ಕಾರಿನ ಅತ್ಯಂತ ದುಬಾರಿ ಭಾಗಗಳಲ್ಲಿ ಗೇರ್‌ಬಾಕ್ಸೂ ಒಂದಾದುದರಿಂದ ಆ ಒಂದು ಮಾತು ಮಧ್ಯಮ ವರ್ಗದ ಕುಟುಂಬದ ಹಲವು ತಿಂಗಳ ಉಳಿತಾಯವನ್ನು ನುಂಗಬಲ್ಲುದು.

ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ನಾವು ಇಡೀ ಲೆಜರನ್ನು ಬದಲಾಯಿಸುವುದಿಲ್ಲ. ಮೊದಲು ಆ ದಿನದ ವೋಚರುಗಳನ್ನು ನೋಡುತ್ತೇವೆ. ಗೇರಿನ ತೊಂದರೆಯಲ್ಲಿಯೂ ಇದೇ ಕ್ರಮ ಹಿತಕರ. ದೋಷವು ಎಷ್ಟೋ ಸಲ ಗೇರ್‌ಬಾಕ್ಸಿನ ಹೊರಗೆ, ಒಂದು ಸ್ವಿಚ್ಚಿನಲ್ಲಿ, ಫ್ಯೂಸಿನಲ್ಲಿ, ಬ್ಯಾಟರಿಯಲ್ಲಿ ಅಥವಾ ತೈಲದ ಮಟ್ಟದಲ್ಲಿ ಇರುತ್ತದೆ. ಅಗ್ಗದ ಕಾರಣಗಳಿಂದ ಆರಂಭಿಸಿ ದುಬಾರಿ ಕಾರಣಗಳತ್ತ ಸಾಗುವುದು ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಗೇರ್‌ಬಾಕ್ಸೇ ಇಲ್ಲದಂಥ ವಿದ್ಯುತ್ ಕಾರುಗಳಿಗೆ ಇದು ಅನ್ವಯಿಸದು.

ಮೊದಲು ನಿಮ್ಮ ಗೇರ್‌ಬಾಕ್ಸಿನ ಬಗೆ ತಿಳಿಯಿರಿ

‘ಆಟೊಮ್ಯಾಟಿಕ್’ ಎಂಬ ಒಂದೇ ಹೆಸರಿನಡಿ ನಾಲ್ಕು ಭಿನ್ನ ಯಂತ್ರಗಳಿವೆ. ಒಂದರ ಲಕ್ಷಣವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ರೋಗನಿದಾನವೇ ತಪ್ಪಾಗುತ್ತದೆ.

1. ಟಾರ್ಕ್ ಕನ್ವರ್ಟರ್: ಎಂಜಿನ್ನಿನ ಶಕ್ತಿಯನ್ನು ತೈಲದ ಸುಳಿಯ ಮೂಲಕ ಗೇರುಗಳಿಗೆ ದಾಟಿಸುವ ಹಳೆಯ, ಗಟ್ಟಿಮುಟ್ಟಾದ ವ್ಯವಸ್ಥೆ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಒದಗಿಸಿದ ‘ಹೈಡ್ರಾಮ್ಯಾಟಿಕ್’ ಇದರ ಪೂರ್ವಜ.

2. ಸಿ.ವಿ.ಟಿ.: ಇದರಲ್ಲಿ ಮೆಟ್ಟಿಲಿನಂಥ ಗೇರುಗಳಿಲ್ಲ. ಅಗಲ ಬದಲಾಗುವ ಎರಡು ರಾಟೆಗಳ ನಡುವೆ ಲೋಹದ ಪಟ್ಟಿಯೊಂದು ಓಡುತ್ತದೆ. ಹಾಲೆಂಡಿನ ಡಾಫ್ ಸಂಸ್ಥೆ 1958ರಲ್ಲಿಯೇ ರಬ್ಬರ್ ಪಟ್ಟಿಯ ಇಂಥ ವ್ಯವಸ್ಥೆಯನ್ನು ಸಣ್ಣ ಕಾರಿಗೆ ಅಳವಡಿಸಿತ್ತು.

3. ಎ.ಎಂ.ಟಿ.: ಇದು ಮೂಲತಃ ಸಾಮಾನ್ಯ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸವನ್ನು ಕಾಲು, ಕೈಗಳ ಬದಲು ಯಂತ್ರ ಮಾಡುತ್ತದೆ. 2014ರಲ್ಲಿ ಬಂದ ಮಾರುತಿ ಸುಜುಕಿ ಸೆಲೆರಿಯೊ ಕಾರಿನಿಂದ ಇದು ಭಾರತದಲ್ಲಿ ಮನೆಮಾತಾಯಿತು.

4. ಡಿ.ಸಿ.ಟಿ.: ಎರಡು ಕ್ಲಚ್‌ಗಳುಳ್ಳ ವ್ಯವಸ್ಥೆ. ಒಂದು ಕ್ಲಚ್ ಈಗಿನ ಗೇರನ್ನು ಹಿಡಿದಿರುವಾಗಲೇ ಇನ್ನೊಂದು ಮುಂದಿನ ಗೇರಿಗೆ ಸಿದ್ಧವಾಗಿರುತ್ತದೆ.

ನಿಮ್ಮದು ಯಾವ ಬಗೆ ಎಂಬುದು ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಗೇರ್ ಲಿವರಿನ ಬಳಿ ‘ಪಿ’ ಎಂಬ ಪಾರ್ಕಿಂಗ್ ಸ್ಥಾನ ಇಲ್ಲದೆ ಆರ್, ಎನ್, ಡಿ ಮತ್ತು ಎಂ ಅಕ್ಷರಗಳು ಮಾತ್ರ ಇದ್ದರೆ ಅದು ಬಹುತೇಕ ಎ.ಎಂ.ಟಿ. ಎಂದು ತಿಳಿಯಬಹುದು.

ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

ಲಿವರ್ ‘ಪಿ’ಯಿಂದ ಕದಲದಿರುವುದು: ಬ್ರೇಕ್ ಒತ್ತಿದ ಹೊರತು ಲಿವರ್ ಬಿಡದಂತೆ ಒಂದು ಬೀಗವಿರುತ್ತದೆ. ಬ್ರೇಕ್ ಒತ್ತಿದ ಸಂದೇಶವನ್ನು ಪೆಡಲಿನ ಬಳಿಯ ಸಣ್ಣ ಸ್ವಿಚ್ ಕಳುಹಿಸುತ್ತದೆ. ಆದುದರಿಂದ ಮೊದಲು ಇನ್ನೊಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿರಿ. ಹಿಂಬದಿಯ ಬ್ರೇಕ್ ದೀಪ ಉರಿಯದಿದ್ದರೆ ದೋಷ ಆ ಸ್ವಿಚ್ಚಿನಲ್ಲೋ ಫ್ಯೂಸಿನಲ್ಲೋ ಇರುವ ಸಂಭವ ಹೆಚ್ಚು. ನನ್ನ ಸಹೋದ್ಯೋಗಿಯೊಬ್ಬರಿಗೆ ಇದೇ ಲಕ್ಷಣಕ್ಕಾಗಿ ಗೇರ್‌ಬಾಕ್ಸ್ ಬಿಚ್ಚಬೇಕೆಂದು ಹೇಳಲಾಗಿತ್ತು. ಕೊನೆಗೆ ಬ್ರೇಕ್ ಸ್ವಿಚ್ ಬದಲಾಯಿಸಿದ ಮೇಲೆ ಕಾರು ಎಂದಿನಂತೆ ಹೊರಟಿತು. ಅನೇಕ ಕಾರುಗಳಲ್ಲಿ ಲಿವರಿನ ಪಕ್ಕದ ಸಣ್ಣ ಮುಚ್ಚಳದಡಿ ತುರ್ತಾಗಿ ಬೀಗ ಬಿಡಿಸುವ ಗುಂಡಿಯೂ ಇದೆ.

ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ‘ಪಿ’ಗೆ ತಂದರೆ ಇಡೀ ಕಾರಿನ ಭಾರ ಗೇರ್‌ಬಾಕ್ಸಿನೊಳಗಿನ ಚಿಕ್ಕ ಕೊಕ್ಕೆಯ ಮೇಲೆ ಬಿದ್ದು ಲಿವರ್ ಬಿಗಿಯಾಗುತ್ತದೆ. ಕಟ್ಟಡಗಳ ನೆಲಮಾಳಿಗೆಯ ಇಳಿದಾರಿಯಲ್ಲಿ ಕಾರು ನಿಲ್ಲಿಸುವವರು ಬ್ರೇಕ್ ಒತ್ತಿ ಹಿಡಿದೇ ಮೊದಲು ಹ್ಯಾಂಡ್‌ಬ್ರೇಕ್, ಅನಂತರ ‘ಪಿ’ ಎಂಬ ಕ್ರಮವನ್ನು ಪಾಲಿಸಬೇಕು.

‘ಪಿ’ಯಲ್ಲಿ ಸ್ಟಾರ್ಟ್ ಆಗದೆ ‘ಎನ್’ನಲ್ಲಿ ಆಗುವುದು: ಲಿವರ್ ಎಲ್ಲಿದೆ ಎಂದು ತಿಳಿಸುವ ಸ್ವಿಚ್ ಸವೆದಿರಬಹುದು ಅಥವಾ ಸ್ಥಾನ ತಪ್ಪಿರಬಹುದು. ಇದು ಗೇರುಗಳ ದೋಷವಲ್ಲ.

‘ಡಿ’ಗೆ ಹಾಕಿದರೂ ಕಾರು ತಡವಾಗಿ ಚಲಿಸುವುದು: ಟಾರ್ಕ್ ಕನ್ವರ್ಟರ್ ಮತ್ತು ಸಿ.ವಿ.ಟಿ.ಗಳಲ್ಲಿ ತೈಲದ ಮಟ್ಟ ಇಳಿದು ಒತ್ತಡ ಸಾಲದಿರುವುದು ಪ್ರಮುಖ ಕಾರಣ. ಕಾರು ನಿಂತ ಜಾಗದಲ್ಲಿ ತೈಲದ ಕಲೆ ಬಿದ್ದಿದೆಯೇ ನೋಡಿ.

ಎಂಜಿನ್ ಕೂಗಿದರೂ ವೇಗ ಏರದಿರುವುದು: ಇದಕ್ಕೆ ಜಾರುವಿಕೆ ಎನ್ನುತ್ತಾರೆ. ಎ.ಎಂ.ಟಿ.ಯಲ್ಲಿ ಇದರ ಅರ್ಥ ಬಹುತೇಕ ಕ್ಲಚ್ ಪ್ಲೇಟ್ ಸವೆದಿದೆ ಎಂದು. ಮ್ಯಾನುವಲ್ ಕಾರಿನಂತೆಯೇ ಅದನ್ನು ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬೇಕಾಗಿಲ್ಲ. ಇತರ ಬಗೆಗಳಲ್ಲಿ ತೈಲ ಕಡಿಮೆಯಾಗಿರಬಹುದು, ಒಳಗಿನ ಕ್ಲಚ್‌ಗಳು ಸುಟ್ಟಿರಬಹುದು ಅಥವಾ ಸಿ.ವಿ.ಟಿ.ಯ ಪಟ್ಟಿ ಜಾರುತ್ತಿರಬಹುದು. ಜಾರುತ್ತಿರುವ ಕಾರನ್ನು ಓಡಿಸುತ್ತಲೇ ಇದ್ದರೆ ಸಣ್ಣ ದುರಸ್ತಿ ದೊಡ್ಡದಾಗುತ್ತದೆ. ಆದರೆ ಸಿ.ವಿ.ಟಿ. ಕಾರನ್ನು ಬಲವಾಗಿ ಓಡಿಸಿದಾಗ ಎಂಜಿನ್ನಿನ ಸದ್ದು ಮೊದಲೇರಿ ವೇಗ ಅನಂತರ ಏರುವುದು ಅದರ ಸಹಜ ಗುಣ. ಹೊಸದಿದ್ದಾಗಲೂ ಹೀಗೆಯೇ ಇತ್ತೇ ಎಂದು ನೆನಪಿಸಿಕೊಳ್ಳಿ.

ಗೇರು ಬದಲಾಗುವಾಗ ಜಗ್ಗುವುದು: ಎ.ಎಂ.ಟಿ.ಯಲ್ಲಿ ಅಲ್ಪ ಜಗ್ಗಾಟ ಸಹಜ. ಹೊಸದಾಗಿ ಆರಂಭವಾದ ಜಗ್ಗಾಟಕ್ಕೆ ಮಾತ್ರ ಕಾರಣ ಹುಡುಕಬೇಕು. ಎಂಜಿನ್ನನ್ನು ಹಿಡಿದಿರುವ ರಬ್ಬರ್ ಮೌಂಟಿಂಗುಗಳು ಸವೆದಿದ್ದರೂ ಗೇರೇ ಒದೆಯುತ್ತಿದೆ ಎಂಬ ಭ್ರಮೆಯಾಗುತ್ತದೆ. ಬ್ಯಾಟರಿಯ ಸಂಪರ್ಕ ತೆಗೆದು ಹಾಕಿದ ಬಳಿಕ ಕೆಲವು ಕಾರುಗಳ ಕಂಪ್ಯೂಟರ್ ತಾನು ಕಲಿತಿದ್ದನ್ನು ಮರೆತು ಕೆಲಕಾಲ ಒರಟಾಗಿ ಗೇರು ಬದಲಿಸುತ್ತದೆ. ಎ.ಎಂ.ಟಿ.ಯ ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರಿನ ಮೂಲಕ ಹೊಸ ಕ್ಲಚ್ಚಿನ ಅಳತೆಯನ್ನು ಕಲಿಸಲೇಬೇಕು.

ಕಾರು ಒಂದೇ ಗೇರಿನಲ್ಲಿ ಉಳಿಯುವುದು: ದೋಷ ಕಂಡಾಗ ಕಂಪ್ಯೂಟರ್ ಗೇರ್‌ಬಾಕ್ಸನ್ನು ಕಾಪಾಡಲು ಎರಡನೆಯದೋ ಮೂರನೆಯದೋ ಗೇರಿನಲ್ಲಿ ಕಾರನ್ನು ಬಂಧಿಸುತ್ತದೆ, ಮನೆಯನ್ನೋ ಗ್ಯಾರೇಜನ್ನೋ ತಲುಪಲಿ ಎಂಬುದೇ ಇದರ ಉದ್ದೇಶ. ಎಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಸರಿಹೋದರೂ ದೋಷ ಹೋಗಿದೆ ಎಂದರ್ಥವಲ್ಲ.

ಸಮವೇಗದಲ್ಲಿ ನಡುಕ: ಗಂಟೆಗೆ 50ರಿಂದ 70 ಕಿ.ಮೀ. ವೇಗದಲ್ಲಿ ಕಾರು ಸಣ್ಣ ಉಬ್ಬುಗಳ ಮೇಲೆ ಓಡಿದಂತೆ ನಡುಗಿದರೆ ಟಾರ್ಕ್ ಕನ್ವರ್ಟರಿನ ಒಳಗಿನ ಲಾಕ್‌ಅಪ್ ಕ್ಲಚ್ ಅಥವಾ ಹಳಸಿದ ತೈಲ ಕಾರಣವಿರಬಹುದು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಕೆಟ್ಟಾಗಲೂ ಇಂಥದೇ ನಡುಕ ಬರುವುದರಿಂದ ಮೊದಲು ಪ್ಲಗ್ ಪರೀಕ್ಷಿಸಿರಿ.

ತೈಲ ಹೇಳುವ ಸಂಗತಿ

ಟಾರ್ಕ್ ಕನ್ವರ್ಟರಿನ ಹೊಸ ತೈಲ ಸಾಮಾನ್ಯವಾಗಿ ಕೆಂಪಗಿರುತ್ತದೆ. ಅದು ಕಂದು ಅಥವಾ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಒಳಗಿನ ಕ್ಲಚ್‌ಗಳು ಬೆಂದಿವೆ ಎಂದು ಭಾವಿಸಬಹುದು. ಹಾಲು ಬೆರೆತಂತೆ ಕಂಡರೆ ನೀರೋ ರೇಡಿಯೇಟರಿನ ದ್ರವವೋ ಸೇರಿದೆ. ಅಂಥ ಕಾರನ್ನು ಓಡಿಸಲೇಬಾರದು. ಇಂದಿನ ಅನೇಕ ಕಾರುಗಳಲ್ಲಿ ತೈಲ ನೋಡುವ ಕಡ್ಡಿಯೇ ಇಲ್ಲ. ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿ, ನಿಗದಿತ ಉಷ್ಣತೆಯಲ್ಲಿ ಮಟ್ಟ ಅಳೆಯಬೇಕು. ಕಡ್ಡಿ ಇದ್ದಲ್ಲಿಯೂ ಎಂಜಿನ್ ಓಡುತ್ತಿರುವಾಗ ನೋಡಬೇಕೋ ಆರಿಸಿದ ಮೇಲೋ ಎಂಬುದು ಕಾರಿನಿಂದ ಕಾರಿಗೆ ಬೇರೆ. ಕೈಪಿಡಿಯ ಮಾತೇ ಪ್ರಮಾಣ.

ಸಿ.ವಿ.ಟಿ.ಯ ತೈಲವೇ ಬೇರೆ, ಟಾರ್ಕ್ ಕನ್ವರ್ಟರಿನದೇ ಬೇರೆ. ‘ಎಲ್ಲಕ್ಕೂ ಆಗುತ್ತದೆ’ ಎಂಬ ಮಾತಿಗೆ ಮರುಳಾಗಿ ಬೇರೆ ತೈಲ ಹಾಕಿಸಿದರೆ ಒಳ್ಳೆಯ ಗೇರ್‌ಬಾಕ್ಸೂ ಕೆಡುತ್ತದೆ. ತೈಲ ಬದಲಿಸುವ ಅವಧಿಯ ಬಗ್ಗೆ ಕೈಪಿಡಿಯಲ್ಲಿ ಕಠಿಣ ಬಳಕೆಗೆ ಪ್ರತ್ಯೇಕ ಪಟ್ಟಿ ಇದ್ದರೆ ನಮ್ಮ ನಗರಗಳ ಬಿಸಿಲು ಮತ್ತು ದಟ್ಟಣೆಗೆ ಅದನ್ನೇ ಅನುಸರಿಸುವುದು ಲೇಸು.

ಗ್ಯಾರೇಜಿಗೆ ಹೋದಾಗ

ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದಿಡಿ: ತೊಂದರೆ ಎಂದಿನಿಂದ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಯಾವ ವೇಗದಲ್ಲಿ, ಯಾವ ದೀಪ ಉರಿದಿತ್ತು, ಇತ್ತೀಚೆಗೆ ಯಾವ ಕೆಲಸ ಮಾಡಿಸಲಾಗಿತ್ತು. ಬ್ಯಾಟರಿಯ ವಯಸ್ಸನ್ನೂ ಬರೆಯಿರಿ. ದುರ್ಬಲ ಬ್ಯಾಟರಿಯಿಂದ ಎ.ಎಂ.ಟಿ.ಯ ಯಂತ್ರವೂ ಕಂಪ್ಯೂಟರೂ ಎಡವುತ್ತವೆ.

ಗ್ಯಾರೇಜಿನವರು ಸ್ಟೀರಿಂಗಿನ ಕೆಳಗಿನ ಕಿಂಡಿಗೆ ಸ್ಕ್ಯಾನರ್ ಜೋಡಿಸಿ ದೋಷಸಂಖ್ಯೆ ಓದುತ್ತಾರೆ. ಅದನ್ನು ಬರೆದುಕೊಡಲು ಕೇಳುವುದು ನಿಮ್ಮ ಹಕ್ಕು. ಪಿ 0700 ಎಂದರೆ ಗೇರಿನ ನಿಯಂತ್ರಣದಲ್ಲಿ ಏನೋ ದೋಷವಿದೆ ಎಂಬಷ್ಟೇ ಅರ್ಥ. ಅದರ ಜೊತೆಗಿರುವ ಇತರ ಸಂಖ್ಯೆಗಳನ್ನೂ ಓದಬೇಕು. ಪಿ 0715 ಒಳಬರುವ ವೇಗ ಅಳೆಯುವ ಸೆನ್ಸರಿನ ಮಾರ್ಗವನ್ನೂ, ಪಿ 0730 ಗೇರಿನ ಅನುಪಾತ ತಪ್ಪಿರುವುದನ್ನೂ, ಪಿ 0741 ಲಾಕ್‌ಅಪ್ ಕ್ಲಚ್ಚಿನ ತೊಂದರೆಯನ್ನೂ ಸೂಚಿಸುತ್ತವೆ. ಸಂಖ್ಯೆಯು ದೋಷದ ದಿಕ್ಕನ್ನು ತೋರಿಸುತ್ತದೆಯೇ ಹೊರತು ಯಾವ ಭಾಗ ಬದಲಿಸಬೇಕೆಂದು ತೀರ್ಪು ಕೊಡುವುದಿಲ್ಲ. ಸೆನ್ಸರಿನ ಸಂಖ್ಯೆ ಬಂದಾಗ ಇಲಿ ಕಡಿದ ತಂತಿಯೂ ಕಾರಣವಿರಬಹುದು. ವೈರಿಂಗ್, ತೈಲ, ಸೆನ್ಸರು, ಸೊಲೆನಾಯ್ಡ್ ಕವಾಟ ಇವುಗಳನ್ನು ಪರೀಕ್ಷಿಸದೆ ಗೇರ್‌ಬಾಕ್ಸ್ ಬದಲಿಸುವುದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ. ದೊಡ್ಡ ಮೊತ್ತದ ಅಂದಾಜು ಬಂದಾಗ ಲಿಖಿತವಾಗಿ ಪಡೆದು ಇನ್ನೊಂದು ಕಡೆ ವಿಚಾರಿಸಿರಿ. ವಾರಂಟಿಯ ಅವಧಿ ಉಳಿದಿದೆಯೇ ಎಂದೂ ನೋಡಿರಿ.

ಮಳೆಗಾಲ ಮತ್ತು ಘಾಟಿ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದುದನ್ನು ಮುಂಬಯಿಗರು ಮರೆತಿಲ್ಲ. ನೀರಿನಲ್ಲಿ ಮುಳುಗಿದ್ದ ಕಾರನ್ನು ಸ್ಟಾರ್ಟ್ ಮಾಡಬಾರದು ಎಂಬುದು ಎಂಜಿನ್ನಿಗೆ ಮಾತ್ರವಲ್ಲ, ಗೇರ್‌ಬಾಕ್ಸಿಗೂ ಅನ್ವಯಿಸುವ ಮಾತು. ಅದರ ಗಾಳಿಕಿಂಡಿಯ ಮೂಲಕ ನೀರು ಒಳಹೋಗಿರಬಹುದು. ತೈಲ ಪರೀಕ್ಷಿಸಿದ ಅನಂತರವೇ ಓಡಿಸಬೇಕು.

ಪುಣೆಗೆ ಹೋಗುವ ಭೋರ್ ಘಾಟಿಯಾಗಲಿ, ಊರಿಗೆ ಹೋದಾಗ ದಾಟುವ ಶಿರಾಡಿ, ಆಗುಂಬೆ ಘಾಟಿಗಳಾಗಲಿ, ಏರಿನ ಸಾಲಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದಿಡಬಾರದು. ಎ.ಎಂ.ಟಿ. ಮತ್ತು ಡಿ.ಸಿ.ಟಿ.ಗಳಲ್ಲಿ ಇದರಿಂದ ಕ್ಲಚ್ ಕಾದು ಸುಡುತ್ತದೆ, ಬ್ರೇಕ್ ಬಳಸಿರಿ. ಇಳಿಯುವಾಗ ‘ಎನ್’ಗೆ ಎಂದೂ ಹಾಕಬೇಡಿ. ಎಲ್, ಎಸ್ ಅಥವಾ ಎಂ ಸ್ಥಾನದಲ್ಲಿ ಕೆಳಗಿನ ಗೇರನ್ನು ಹಿಡಿದರೆ ಎಂಜಿನ್ನೇ ವೇಗವನ್ನು ತಡೆಯುತ್ತದೆ, ಬ್ರೇಕುಗಳು ಕಾಯುವುದಿಲ್ಲ.

ಕಾರನ್ನು ನಿಲ್ಲಿಸಲೇಬೇಕಾದ ಸಂದರ್ಭಗಳು

ಗೇರ್‌ಬಾಕ್ಸ್ ಉಷ್ಣತೆಯ ದೀಪ ಉರಿದರೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ತಣಿಯಲು ಬಿಡಿ. ಸುಟ್ಟ ವಾಸನೆ, ಲೋಹ ಉಜ್ಜುವ ಸದ್ದು, ತೈಲ ಧಾರೆಯಾಗಿ ಸೋರುವುದು, ಚಲಿಸುತ್ತಿರುವಾಗ ಗೇರು ತಾನಾಗಿ ಬಿಡುವುದು ಇವುಗಳಲ್ಲಿ ಒಂದು ಕಂಡರೂ ಮುಂದೆ ಓಡಿಸಬಾರದು. ಹೆದ್ದಾರಿಯಲ್ಲಿ ಲಾರಿಯ ಮುಂದೆ ಕಾರು ಶಕ್ತಿ ಕಳೆದುಕೊಂಡರೆ ನಷ್ಟ ಹಣದ್ದು ಮಾತ್ರವಾಗಿರುವುದಿಲ್ಲ. ಇಂಥ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ನಿಂತಿರುವಾಗ ಚಕ್ರಗಳು ತಿರುಗಿದರೆ ತೈಲ ಹರಿಯದೆ ಒಳಭಾಗಗಳು ಉಜ್ಜಿಹೋಗುತ್ತವೆ. ನಾಲ್ಕೂ ಚಕ್ರಗಳನ್ನು ಮೇಲೆ ಹೊತ್ತು ಸಾಗಿಸುವ ಗಾಡಿಯನ್ನೇ ಕರೆಸಿರಿ. ವಿಮೆಯಲ್ಲಿ ಈ ಸೌಲಭ್ಯ ಇದೆಯೇ ಎಂಬುದನ್ನು ಪ್ರಯಾಣಕ್ಕೆ ಮುನ್ನವೇ ತಿಳಿದುಕೊಂಡು, ಸಹಾಯವಾಣಿಯ ಸಂಖ್ಯೆಯನ್ನು ಕಾರಿನಲ್ಲಿ ಬರೆದಿಡುವುದು ಒಳಿತು.